ಕುಂತ್ರ ತುಣುಕ

ಶಹಾಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ನಿವೃತ್ತ ಡ್ರಿಲ್ ಮಾಸ್ತರರೊಬ್ಬರಿದ್ದರು. ಅವರ ಅಂಗಿಯ ಜೇಬಿನಲ್ಲಿ ಸದಾ ಕಡಕ್ ರೊಟ್ಟಿಯ ಚೂರುಗಳಿರುತ್ತಿದ್ದವು. "ಕುಂತ್ರ ತುಣುಕ, ನಿಂತ್ರ ಇಲ್ಲ," ಎನ್ನುತ್ತ ತಮ್ಮ ಕಂದು ನಾಯಿಗೆ ಶಿಸ್ತು ಕಲಿಸುತ್ತಿದ್ದರು. ಮನೆಗೆ ಬಂದವರ ಕೈಗೂ ಗೇಟಿನಲ್ಲೇ ಒಂದು ಚೂರು ಕೊಡುವರು. ನಾಯಿ ಕುಳಿತ ಮೇಲೆ ನಾವದನ್ನು ಹಾಕಬೇಕು. ಆಮೇಲೆ ನಮ್ಮ ಸರದಿ. ಕುರ್ಚಿಯಲ್ಲಿ ನೆಟ್ಟಗೆ ಕೂರುವವರೆಗೆ ನಮಗೂ ಚಹಾ ಇಲ್ಲ.

ಒಂದು ಮಧ್ಯಾಹ್ನ ಮಾಸ್ತರರೂ ಅವರ ಹೆಂಡತಿಯೂ ಸಂತೆಗೆ ಹೋಗಿ ಬರುವಷ್ಟರಲ್ಲಿ ಅಂಗಳದಲ್ಲಿದ್ದ ತಾಮ್ರದ ಹಂಡೆಯನ್ನು ಯಾರೋ ಕದ್ದೊಯ್ದಿದ್ದರು. ಗದ್ದಲ ಕೇಳಿ ನಾವೆಲ್ಲ ಓಡಿದೆವು. ನಾಯಿ ಮಾತ್ರ ಗೇಟಿನ ಬಳಿ, ಬೀದಿಗೆ ಮುಖ ಮಾಡಿ, ಎದೆಯುಬ್ಬಿಸಿ, ಜೊಲ್ಲು ಸುರಿಸುತ್ತ ಕುಳಿತೇ ಇತ್ತು.

"ಬೊಗಳೋ ನಾಯಿಗಿ ಕುಂದ್ರೋದ ಕಲಿಸಿದ್ರಿ! ನನ್ನ ತವರಮನಿ ಹಂಡೇ ಹೋತಲ್ರಿ!" ಎಂದು ಹೆಂಡತಿ ಕೂಗಾಡಿದರು.

ಮಾಸ್ತರರ ಮುಖವೂ ಸಿಟ್ಟಿಗೆ ಕೆಂಪಾಗಿತ್ತು. ಜೇಬಿನಿಂದ ದೊಡ್ಡ ಚೂರೊಂದನ್ನು ತೆಗೆದು ನಾಯಿಯ ಬಾಯಿಗಿಟ್ಟು, ಅದರ ತಲೆ ಸವರಿ, ನಮ್ಮತ್ತ ತಿರುಗಿದರು.

"ಹಂಡೇ ಒಯ್ದ್ರ ಒಯ್ಯಲಿ. ಇದು ಇಷ್ಟ ಛಂದ ಕುಂತದ, ಒಂದ ತುಣುಕರ ಹಾಕಿ ಹೋಗಬಾರ್ದೇನ್ರೀ ಆ ಹಲ್ಕಟ್?"