ವೈನಿ ಬರೆದ ಉತ್ತರಗಳು

ಮೊನ್ನೆ ಬೈಲಹೊಂಗಲದ ಪೇಟೆಯಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವವನ ಅಂಗಡಿಗೆ ಹೋಗಿದ್ದೆ. ನನ್ನ ಹಳೆಯ ಕನ್ನಡ ನಿಘಂಟಿನ ಹೊಲಿಗೆ ಬಿಚ್ಚಿ ಹಾಳೆಗಳು ಒಂದೊಂದಾಗಿ ಕೈಗೆ ಬರುತ್ತಿದ್ದವು. ಅವನು ಸ್ಟೋವಿನ ಮೇಲೆ ಸಣ್ಣ ಪಾತ್ರೆ ಇಟ್ಟು ಹಿಟ್ಟಿನ ಅಂಟು ಕುದಿಸುತ್ತಿದ್ದ. ತಳ ಹಿಡಿಯುತ್ತಿದ್ದ ಹಿಟ್ಟಿನ ಆ ವಾಸನೆ ಬಂದದ್ದೇ ತಡ, ನಾನು ಕುರ್ಚಿ ಕೇಳಿ ಕುಳಿತುಬಿಟ್ಟೆ. ಎಪ್ಪತ್ತು ದಾಟಿದವಳು ಕುರ್ಚಿ ಕೇಳಿದರೆ ಯಾರೂ ಕಾರಣ ಕೇಳುವುದಿಲ್ಲ, ವಯಸ್ಸಿನದು ಅದೊಂದೇ ಅನುಕೂಲ.

ಜೋಳದ ಹಿಟ್ಟನ್ನು ಹೀಗೆಯೇ ಕುದಿಸಿ ಲಕೋಟೆ ಅಂಟಿಸುತ್ತಿದ್ದ ಒಬ್ಬರಿದ್ದರು. ಓಣಿಯವರೆಲ್ಲ ಅವರನ್ನು ವೈನಿ, ಎಂದರೆ ಅತ್ತಿಗೆ, ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ.

ಎಪ್ಪತ್ತರ ದಶಕದ ನಡುವಿನ ಮಾತು. ಮುರಗೋಡದಿಂದ ಆರು ಮೈಲಿ ಒಳಗಿನ ಒಂದು ಹಳ್ಳಿಯ ಪ್ರಾಥಮಿಕ ಶಾಲೆಗೆ ನನ್ನನ್ನು ತಾತ್ಕಾಲಿಕ ಶಿಕ್ಷಕಿಯೆಂದು ಹಾಕಿದರು, ಊರಿನವರ ಬಾಯಲ್ಲಿ ಅಕ್ಕೋರು. ಆಗ ನನಗೆ ಇಪ್ಪತ್ತೆರಡು. ತಂದೆ ತೀರಿಕೊಂಡಿದ್ದರು. ಬೈಲಹೊಂಗಲದಲ್ಲಿ ತಾಯಿ, ಇಬ್ಬರು ತಂಗಿಯರು ನನ್ನ ಪಗಾರದ ದಾರಿ ನೋಡುತ್ತಿದ್ದರು. ಊರಿನ ಶಾಲಾ ಸಮಿತಿಯ ಹಿರಿಯರೊಬ್ಬರು ತಮ್ಮ ದೊಡ್ಡ ಮನೆಯ ಮುಂದಿನ ಕೋಣೆಯನ್ನು ನನಗೆ ಬಿಟ್ಟುಕೊಟ್ಟರು, ಊಟವನ್ನೂ ತಾವೇ ವಹಿಸಿಕೊಂಡರು. ನನ್ನ ಕೋಣೆಗೂ ಅವರ ಅಡುಗೆಮನೆಗೂ ನಡುವಿನ ಗೋಡೆಯಲ್ಲಿ ಕಟ್ಟಿಗೆಯ ಕದವಿದ್ದ ಒಂದು ಸಣ್ಣ ಕಿಟಕಿ ಇತ್ತು. ಅದರಿಂದ ದಿನಾ ಬಿಸಿ ರೊಟ್ಟಿ ಹೊರಗೆ ಬರುತ್ತಿತ್ತು. ರೊಟ್ಟಿ ಕೊಡುವ ಕೈ ವೈನಿಯದು, ಆ ಯಜಮಾನರ ಸೊಸೆ.

ವೈನಿಯ ಗಂಡ ಮದುವೆಯಾದ ಎರಡನೆಯ ವರ್ಷ ಸೊಲ್ಲಾಪುರಕ್ಕೆಂದು ಹೋದವನು ತಿರುಗಿ ಬಂದಿರಲಿಲ್ಲ. ಅದಾಗಿ ಆರು ವರ್ಷ. ಸತ್ತನೆಂದು ಸುದ್ದಿಯಿಲ್ಲ, ಇದ್ದಾನೆಂದು ಕಾಗದವಿಲ್ಲ. ಯಜಮಾನರು ಕೆಟ್ಟವರಲ್ಲ. ವರ್ಷಕ್ಕೆರಡು ಇಳಕಲ್ ಸೀರೆ ತರಿಸುತ್ತಿದ್ದರು, ಸೊಸೆಗೆ ಒಂದು ಗಟ್ಟಿ ಮಾತು ಆಡಿದ್ದನ್ನು ನಾನು ಕೇಳಲಿಲ್ಲ. ಆದರೆ ಆಕೆ ದೊಡ್ಡ ಬಾಗಿಲಿನ ಹೊಸ್ತಿಲು ದಾಟುವಂತಿರಲಿಲ್ಲ, ರಾಮದುರ್ಗದ ತವರಿಗೂ ಕಳಿಸುತ್ತಿರಲಿಲ್ಲ. "ಅಂವ ಬಂದಾಗ ಈಕಿಗೆ ಯಾರೂ ಒಂದು ಮಾತು ಅನಬಾರದ್ರಿ ಅಕ್ಕೋರ," ಎಂದು ಒಮ್ಮೆ ನನಗೇ ಹೇಳಿದ್ದರು. ಪ್ರತಿದಿನ ಊಟದ ಹೊತ್ತಿಗೆ ತಮ್ಮ ತಾಟಿನ ಪಕ್ಕದಲ್ಲಿ ಮಗನದೊಂದು ತಾಟು ಇಡಿಸುತ್ತಿದ್ದರು. ಅದಕ್ಕೆ ಬಡಿಸಿ, ಆಮೇಲೆ ಅದನ್ನು ಎತ್ತಿಡುವ ಕೆಲಸವೂ ವೈನಿಯದೇ. ಬೈದಿದ್ದರೆ ವೈನಿ ಜಗಳವಾದರೂ ಆಡುತ್ತಿದ್ದರೇನೋ. ಅಷ್ಟು ಮೆತ್ತಗಿನ ಮನುಷ್ಯನ ಎದುರು ಏನು ಮಾಡಲಾದೀತು?

ಒಂದು ದಿನ ಕಿಟಕಿಯಿಂದ ರೊಟ್ಟಿಯ ಜೊತೆ ಬೆಲ್ಲ ಕಟ್ಟಿದ ಪತ್ರಿಕೆಯ ಚೂರೊಂದು ಬಂತು. ಅಂಚೆಯ ಮೂಲಕ ಉಚಿತವಾಗಿ ಬೈಬಲ್ ಪಾಠ ಕಳಿಸುತ್ತೇವೆ, ಒಂದು ಕಾರ್ಡು ಬರೆಯಿರಿ ಎಂದು ಅದರಲ್ಲಿ ಅಚ್ಚಾಗಿತ್ತು. "ನಿಮ್ಮ ಹೆಸರಲೆ ಒಂದು ಕಾರ್ಡ್ ಹಾಕ್ರಿ ಅಕ್ಕೋರ. ಏನರ ಓದಾಕ ಬರತೈತಿ," ಎಂದರು ವೈನಿ. ರಾಮದುರ್ಗದಲ್ಲಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದವರು ಅವರು. ಆ ಮನೆಯಲ್ಲಿ ಓದಲು ಇದ್ದದ್ದು ಒಂದು ಪಂಚಾಂಗ, ಅದೂ ಹೋದ ವರ್ಷದ್ದು. ಧರ್ಮದ ವಿಚಾರ ಇಬ್ಬರ ತಲೆಯಲ್ಲೂ ಇರಲಿಲ್ಲ. ಮನೆಗೆ ಬರುವ ಪ್ರತಿಯೊಂದು ಕಾಗದವನ್ನೂ ಮಗನದಿರಬಹುದೆಂದು ಯಜಮಾನರೇ ಒಡೆಯುತ್ತಿದ್ದರು. ಅದಕ್ಕೇ ನನ್ನ ಹೆಸರು, ಶಾಲೆಯ ವಿಳಾಸ.

ಒಟ್ಟು ಎಂಟು ಪಾಠ. ಕ್ರೈಸ್ತರ ಗ್ರಂಥದಲ್ಲಿ ಮತ್ತೆ ಮತ್ತೆ ಬರುವ ಒಂದೊಂದು ಮಾತಿಗೆ ಒಂದೊಂದು ಪಾಠ. ಪಾಪ, ಪಶ್ಚಾತ್ತಾಪ, ವಿಶ್ವಾಸ, ಕೃಪೆ... ಕೊನೆಗೆ ಪ್ರಶ್ನೆಗಳಿದ್ದವು. ಬಿಟ್ಟ ಸ್ಥಳ ತುಂಬಿರಿ, ಸರಿ ತಪ್ಪು ಗುರುತಿಸಿರಿ, ಆಮೇಲೆ ನಿಮ್ಮ ಸ್ವಂತ ಮಾತಿನಲ್ಲಿ ಬರೆಯಿರಿ. ಮಕ್ಕಳ ಪಾಟಿಯ ಕೆಳಗೆ ಪಾಠ ಮುಚ್ಚಿಕೊಂಡು ತಂದು ನಾನು ಕಿಟಕಿಯೊಳಗೆ ಸರಿಸುತ್ತಿದ್ದೆ. ವಾರದ ಮೇಲೆ ಅದು ಜೋಳದ ಹಿಟ್ಟಿನ ಅಂಟು ಹಚ್ಚಿದ ಲಕೋಟೆಯಾಗಿ ತಿರುಗಿ ಬರುತ್ತಿತ್ತು. ಅಂಟು ಒಣಗುವ ಮೊದಲು ನಾನು ಕಳ್ಳತನದಿಂದ ಓದುತ್ತಿದ್ದೆ. ಮಾಸ್ತರಿಕೆಯ ಚಟ, ತಪ್ಪು ಹುಡುಕುವ ಆಸೆ.

ತಪ್ಪು ಸಿಗುತ್ತಿರಲಿಲ್ಲ. ಪಶ್ಚಾತ್ತಾಪ ಎಂದರೆ ಬರೀ ಅಳುವುದಲ್ಲ, ಹಿಡಿದ ದಾರಿ ಬಿಟ್ಟು ತಿರುಗಿ ಬರುವುದು ಎಂದು ಪಾಠ ಹೇಳಿತ್ತು. ವೈನಿ ಬರೆದಿದ್ದರು: "ಹೋದವರು ತಿರುಗಿ ಬಂದರೆ ಅದು ಪಶ್ಚಾತ್ತಾಪ. ಬಾರದೆ ಅಲ್ಲಿಯೇ ಕುಳಿತು ಅತ್ತರೆ ಕಾಯುವವರಿಗೆ ಹೇಗೆ ತಿಳಿಯಬೇಕು?" ವಿಶ್ವಾಸದ ಪಾಠಕ್ಕೆ ಬರೆದದ್ದು: "ನಮ್ಮ ಮಾವನವರು ದಿನಾಲು ಒಂದು ತಾಟು ಹೆಚ್ಚಿಗೆ ಇಡಿಸುತ್ತಾರೆ. ಅದು ವಿಶ್ವಾಸವೋ ಹಟವೋ ತಿಳಿಸಬೇಕು." ಅಲ್ಲಿ ತಿದ್ದುವವರು ಯಾರಿದ್ದರೋ, ಕೆಂಪು ಶಾಯಿಯಲ್ಲಿ ಮೂರನೆಯ ಪುಟ ಮತ್ತೊಮ್ಮೆ ಓದಿರಿ ಎಂದಷ್ಟೇ ಬರೆದು ಪಾರಾದರು. ಅಂಕ ಮಾತ್ರ ಪೂರ್ತಿ ಕೊಟ್ಟಿದ್ದರು. ಅದನ್ನು ನೋಡಿ ವೈನಿ ಸೆರಗು ಬಾಯಿಗೆ ಹಿಡಿದು ನಕ್ಕದ್ದು ನನಗೆ ಕಿಟಕಿಯಿಂದ ಕಂಡಿತ್ತು. ಅವರ ಪೂರ್ತಿ ಮುಖ ಕಾಣುವಷ್ಟು ದೊಡ್ಡದಾಗಿರಲಿಲ್ಲ ಆ ಕಿಟಕಿ.

ಕೃಪೆಯ ಪಾಠದಲ್ಲಿ ಇಬ್ಬರೂ ಸಿಕ್ಕಿಕೊಂಡೆವು. ಪಾಠ ಎರಡು ಸಲ ಓದಿದರೂ ಅವರಿಗೆ ಸಮಾಧಾನವಾಗಲಿಲ್ಲ, ನನ್ನ ನಿಘಂಟು ಕೇಳಿದರು. ಒಳಗೊಯ್ದು ನೋಡಿ ಮರುದಿನ ಹೇಳಿದರು, "ಕೃಪಾ ಅಂದ್ರ ದಯಾ ಅಂತೈತಿ. ದಯಾ ಅಂದ್ರ ಕರುಣಾ, ಕರುಣಾ ಅಂದ್ರ ಮತ್ತ ಕೃಪಾ. ಒಬ್ಬರ ಮನಿ ಕೇಳಿದ್ರ ಇನ್ನೊಬ್ಬರ ಮನಿ ತೋರಸ್ತಾವ್ರಿ. ಯಾರ ಮನ್ಯಾಗೂ ಯಾರೂ ಇಲ್ಲ." ನಾನು ಶಿಕ್ಷಕಿ, ಸುಮ್ಮನಿರಲಾದೀತೆ? ಪರೀಕ್ಷೆಯಲ್ಲಿ ಎರಡು ಮೂರು ಅಂಕ ಕಡಿಮೆ ಬಿದ್ದವರಿಗೆ ಕೃಪಾಂಕ ಕೊಟ್ಟು ಪಾಸು ಮಾಡುತ್ತೇವಲ್ಲ, ಅದೇ ಕೃಪೆ ಎಂದು ಠೀವಿಯಿಂದ ವಿವರಿಸಿದೆ.

ವೈನಿ ಒಲೆಯ ಮೇಲಿನ ರೊಟ್ಟಿ ತಿರುವಿ ಹಾಕಿದರು. ಅದು ಉಬ್ಬುವ ಸದ್ದು ಕೇಳುತ್ತಿತ್ತು.

"ಅದನ್ನ ಪಾಸಾಗಾಕ ಸನೇಕ ಬಂದವರಿಗಷ್ಟ ಕೊಡತೀರಲ್ರಿ. ಸೊನ್ನಿ ತಗೊಂಡವರಿಗೆ?"

"ಸೊನ್ನಿ ತಗೊಂಡವರಿಗೆ ಯಾರು ಕೊಡತಾರ್ರಿ ವೈನಿ?"

"ಹಂಗಾರ ಅದು ಕೃಪಾ ಅಲ್ಲ ಬಿಡ್ರಿ. ಲೆಕ್ಕ."

ಉತ್ತರದ ಜಾಗದಲ್ಲಿ ಅವರು ಏನು ಬರೆದರೋ ಗೊತ್ತಿಲ್ಲ. ನನಗೆ ಸ್ವಲ್ಪ ಸಿಟ್ಟು ಬಂದಿತ್ತು, ಆ ಲಕೋಟೆಯನ್ನು ತೆರೆದು ನೋಡದೆಯೇ ಅಂಚೆಗೆ ಹಾಕಿದೆ. ಅದೊಂದು ಉತ್ತರ ಓದಬೇಕಾಗಿತ್ತು...

ಎಂಟನೆಯ ಪಾಠದ ಜೊತೆ ಒಂದು ಚೀಟಿ ಬಂದಿತ್ತು, ಪ್ರಮಾಣಪತ್ರದ ಮೇಲೆ ಬರೆಯಬೇಕಾದ ಹೆಸರು ತಿಳಿಸಿರಿ ಎಂದು. ವೈನಿ ತಮ್ಮ ಹೆಸರನ್ನು ತಂದೆಯ ಹೆಸರು, ಅಡ್ಡಹೆಸರಿನ ಸಮೇತ ದುಂಡಗೆ ಬರೆದಿದ್ದರು. ಅವರಿಗೊಂದು ಹೆಸರಿದೆ ಎಂಬುದೇ ನನಗೆ ತಿಳಿದದ್ದು ಆ ದಿನ. ಆ ಮನೆಯಲ್ಲಿ ಅದನ್ನು ಹಿಡಿದು ಕರೆಯುವವರಿರಲಿಲ್ಲ. ನಾನು ಹೆದರಿ, ನನ್ನ ಹೆಸರನ್ನೇ ಹಾಕಿರಿ, ಬಂದ ಮೇಲೆ ನಿಮಗೇ ಕೊಡುತ್ತೇನೆ ಎಂದೆ.

"ಎಂಟೂ ಪಾಠ ನಾ ಬರದೇನಿ ಅಕ್ಕೋರ. ಒಂದ ಹೆಸರು ಬರಿಯಾಕ ಬಿಡ್ರಿ."

ಒಳಗೆ ಹೆಸರು ಯಾರದಾದರೂ ಇರಲಿ, ಲಕೋಟೆ ಎಂದಿನಂತೆ ನನ್ನ ಹೆಸರಿಗೇ ಬರುತ್ತದೆಂದುಕೊಂಡು ಕಳಿಸಿಕೊಟ್ಟೆ.

ಆ ಊರಿನಲ್ಲಿ ಟಪಾಲು ಹಂಚುವ ರೀತಿಯೇ ಬೇರೆ. ಟಪಾಲಿನವ ಮುರಗೋಡದಿಂದ ದಿನ ಬಿಟ್ಟು ದಿನ ಸೈಕಲ್ ಮೇಲೆ ಬಂದು ಚಾವಡಿಯ ಕಟ್ಟೆಗೆ ಕೂತು ವಿಳಾಸಗಳನ್ನು ಗಟ್ಟಿಯಾಗಿ ಓದುತ್ತಿದ್ದ. ಇದ್ದವರು ಎದ್ದು ಇಸಿದುಕೊಳ್ಳುತ್ತಿದ್ದರು. ನನ್ನ ಹೆಸರಿನವನ್ನು ಅವನು ಓದದೆಯೇ ಶಾಲೆಗೆ ತಂದು ಮುಟ್ಟಿಸುತ್ತಿದ್ದ, ಅಕ್ಕೋರೆಂಬ ಮರ್ಯಾದೆಗೆ. ಆ ದಿನ ಬಂದ ದಪ್ಪ ಲಕೋಟೆಯ ಮೇಲಿದ್ದದ್ದು ಅವನು ಎಂದೂ ಕೇಳದ ಹೆಂಗಸಿನ ಹೆಸರು. ಅವನು ಮೂರು ಸಲ ಕೂಗಿ ಓದಿದನಂತೆ. ಮೂರನೆಯ ಸಲಕ್ಕೆ, ನಾಲ್ಕು ಜನರ ನಡುವೆ ಕುಳಿತಿದ್ದ ಯಜಮಾನರು ಎದ್ದು ಹೋಗಿ ಇಸಿದುಕೊಂಡರಂತೆ. ಇದನ್ನು ನನಗೆ ಹೇಳಿದವನೂ ಆ ಟಪಾಲಿನವನೇ, ಪಾಪ, ತಾನೇನು ಮಾಡಿದೆನೆಂದು ತಿಳಿಯದೆ.

ಶಾಲೆ ಬಿಟ್ಟು ಬಂದಾಗ ಯಜಮಾನರು ಪಡಸಾಲೆಯಲ್ಲಿ ಕುಳಿತಿದ್ದರು. ಒಡೆದ ಲಕೋಟೆ ಮುಂದಿತ್ತು. ಒಳಬಾಗಿಲ ಮರೆಯಲ್ಲಿ ವೈನಿಯ ಸೀರೆಯ ಅಂಚು ಕಾಣುತ್ತಿತ್ತು. ಯಜಮಾನರು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತೋ ಏನೋ.

"ಅಕ್ಕೋರ, ಇದರ ಮ್ಯಾಲ ಸಾಲಿ ವಿಳಾಸ ಐತಿ. ನಿಮಗೇನರ ಗೊತ್ತೈತೇನ್ರಿ?"

ಅಷ್ಟೇ ಕೇಳಿದರು. ಆ ಗಳಿಗೆಯಲ್ಲಿ ನನ್ನ ಕಣ್ಣ ಮುಂದೆ ಏನೇನು ಬಂತೆಂದು ಬರೆಯಲು ನಾಚಿಕೆಯಾಗುತ್ತದೆ. ಸಮಿತಿಯ ಹಿರಿಯರ ಒಂದು ಮಾತು, ಶಿಕ್ಷಕಿ ಮನೆಯ ಸೊಸೆಗೆ ಬೇರೆ ಧರ್ಮ ಕಲಿಸಿದಳೆಂಬ ಅರ್ಜಿ, ಬೈಲಹೊಂಗಲದಲ್ಲಿ ಮೂರು ಹೊಟ್ಟೆ. ಎದುರು ಅವರು, ಹಿಂದೆ ದೊಡ್ಡ ಬಾಗಿಲು, ಪಕ್ಕದಲ್ಲಿ ಆ ಸೀರೆಯ ಅಂಚು. ಎಲ್ಲಿಗೂ ಸರಿಯಲು ಜಾಗವಿರಲಿಲ್ಲ.

"ಇಲ್ರಿ," ಎಂದೆ.

ಆಗ ವೈನಿ ಮಾತಾಡಿದರು. ಮಾವನ ಎದುರು ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಅಕ್ಕೋರಿಗೇನೂ ಗೊತ್ತಿಲ್ರಿ ಮಾವಾರ. ಸಾಲಿ ವಿಳಾಸ ನಾನ ಹಾಕೀನಿ. ಎಲ್ಲಾ ನಾನ ಮಾಡೀನಿ."

ದನಿ ನಡುಗಲಿಲ್ಲ. ಸಿಟ್ಟೂ ಇರಲಿಲ್ಲ. ರೊಟ್ಟಿ ಕೊಡುವಾಗ ಇನ್ನೊಂದು ಹಾಕಲೇನ್ರಿ ಎಂದು ಕೇಳುವ ದನಿಯೇ ಅದು. ಯಜಮಾನರು ಆತು ಎಂದು ಎದ್ದರು. ನನಗೆ ಜೀವ ಬಂದಂತಾಯಿತು. ಸುಳ್ಳು ಯಾಕೆ, ಅಂದು ನಾನು ಎಂದಿಗಿಂತ ಒಂದು ರೊಟ್ಟಿ ಹೆಚ್ಚೇ ತಿಂದೆ.

ಮರುದಿನ ಬೆಳಿಗ್ಗೆ ಯಜಮಾನರು ನನ್ನ ಕೋಣೆಯ ಬಾಗಿಲಿಗೆ ಬಂದರು. ಕೈಯಲ್ಲಿ ನನ್ನ ನಿಘಂಟು. "ಒಳಗ ಇತ್ರಿ. ನಿಮ್ಮ ಹೆಸರೈತಿ," ಎಂದು ಕೊಟ್ಟು ಹೋದರು. ಮೊದಲ ಪುಟದಲ್ಲಿ ನಾನೇ ಬರೆದಿದ್ದ ನನ್ನ ಹೆಸರು, ಶಾಲೆಯ ಹೆಸರು. ಅವರಿಗೆ ಎಲ್ಲ ಗೊತ್ತಾಗಿತ್ತು. ಗೊತ್ತಾದರೂ ಸೊಸೆಯ ಮಾತನ್ನೇ ಉಳಿಸಿಕೊಂಡರು. ಇಬ್ಬರೂ ಕೂಡಿ ನನ್ನನ್ನು ಪಾರು ಮಾಡಿದ್ದರು, ನನಗೆ ಮಾತ್ರ ಆ ಪಾರಾದ ಜಾಗದಿಂದ ಹೊರಗೆ ಬರಲು ಆಗಲಿಲ್ಲ. ಮಧ್ಯಾಹ್ನ ಬಡಗಿ ಬಂದು ಅಡುಗೆಮನೆಯ ಕಡೆಯಿಂದ ಕಿಟಕಿಯ ಕದಕ್ಕೆ ಮೊಳೆ ಹೊಡೆದ. ನಾಲ್ಕು ಮೊಳೆ, ನಾನು ಈಚೆ ಕುಳಿತು ಎಣಿಸಿದೆ.

ಆಮೇಲೆ ಐದು ತಿಂಗಳು ಅದೇ ಕೋಣೆಯಲ್ಲಿದ್ದೆ. ರೊಟ್ಟಿಯನ್ನು ಕೆಲಸದಾಕೆ ತಂದಿಟ್ಟು ಹೋಗುತ್ತಿದ್ದಳು. ಗೋಡೆಯ ಆಚೆ ಬಳೆಯ ಸದ್ದು, ರೊಟ್ಟಿ ಬಡಿಯುವ ಸದ್ದು, ಮಗನ ತಾಟನ್ನು ಇಡುವ ಸದ್ದು. ಎಷ್ಟೋ ಸಲ ಆ ಕದದ ಮೇಲೆ ಕೈ ಇಟ್ಟಿದ್ದೇನೆ, ಬಡಿಯಲಿಲ್ಲ. ಬಡಿದು ಏನು ಹೇಳಬೇಕಿತ್ತು? ಸವದತ್ತಿಗೆ ವರ್ಗವಾದಾಗ ಹೇಳದೆಯೇ ಹೊರಟುಬಂದೆ.

ಹತ್ತು ಹನ್ನೆರಡು ವರ್ಷದ ಮೇಲೆ ಸವದತ್ತಿಯ ಬಸ್ ಸ್ಟ್ಯಾಂಡಿನಲ್ಲಿ ಆ ಕೆಲಸದಾಕೆ ಸಿಕ್ಕಳು. ಮಗ ಬರಲೇ ಇಲ್ಲ, ಯಜಮಾನರು ತೀರಿಕೊಂಡರು ಎಂದಳು. ಸಾಯುವ ಮೊದಲು ದೇವರ ಜಗಲಿಯಲ್ಲಿ ಇಟ್ಟಿದ್ದ ಆ ಪ್ರಮಾಣಪತ್ರವನ್ನು ತೆಗೆದು ಸೊಸೆಯ ಕೈಗೆ ಕೊಟ್ಟರಂತೆ. ವೈನಿ ಅದಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದಾರೆ ಎಂದಳು. ಈಗ ಹೊರಗೆ ಓಡಾಡುತ್ತಾರೇನು ಎಂದು ಕೇಳಿದೆ. "ಬಾಗಲಾ ತಗದ ಐತ್ರಿ. ಎಲ್ಲಿಗೆ ಹೋಗ್ತಾರ್ರಿ ಈಗ?" ಎಂದಳು ಆಕೆ. ವೈನಿ ನನ್ನ ವಿಚಾರವನ್ನೂ ಕೇಳುತ್ತಿರುತ್ತಾರಂತೆ, ಅಕ್ಕೋರು ಎಲ್ಲಿದ್ದಾರೋ ಎಂದು. ಒಂದು ತಾಸಿನ ಬಸ್ಸಿನ ದಾರಿ. ಈ ಬೇಸಿಗೆಯ ಸೂಟಿಗೆ ಹೋಗಬೇಕು, ಮುಂದಿನ ಸೂಟಿಗೆ ಹೋಗಬೇಕು ಎಂದು ನಾನು ನೌಕರಿಯನ್ನೇ ಮುಗಿಸಿದೆ. ವೈನಿ ತೀರಿಹೋದ ಸುದ್ದಿ ಬಂದಾಗ ತಿಂಗಳೊಪ್ಪತ್ತೇ ಕಳೆದುಹೋಗಿತ್ತು.

ಸಾವಿರಾರು ಮಕ್ಕಳ ಉತ್ತರ ತಿದ್ದಿದ್ದೇನೆ, ಕೃಪಾಂಕವನ್ನೂ ಲೆಕ್ಕ ಹಾಕಿಯೇ ಕೊಟ್ಟಿದ್ದೇನೆ. ವೈನಿಗೆ ಅರ್ಥವಾಗದೆ ನನ್ನನ್ನು ಕೇಳಿದ ಆ ಮಾತಿನ ಅರ್ಥವನ್ನು ಅವರೇ ನನಗೆ ತೋರಿಸಿಕೊಟ್ಟು ಹೋದರು. ಒಂದು ಸಲ ಬಾಯಿಬಿಟ್ಟು ತಪ್ಪಾಯಿತು ಎನ್ನಲು ನನಗೆ ಆಗಲಿಲ್ಲ. ತಿರುಗಿ ಬರದೆ ಅಲ್ಲಿಯೇ ಕುಳಿತು ಅತ್ತವರ ಸಾಲಿನಲ್ಲಿ ನಾನೂ ಸೇರಿದೆ.

ರಟ್ಟು ಕಟ್ಟುವವ ಅಂಟು ಇಳಿಸಿ, ಮೇಲೆ ಹೆಸರು ಹಾಕುವ ರೂಢಿಯುಂಟು, ಯಾವ ಹೆಸರು ಹಾಕಲಿ ಎಂದು ಕೇಳಿದ. ಒಳಗಿನ ಪುಟದಲ್ಲಿ ನನ್ನ ಹೆಸರು ಇನ್ನೂ ಅಚ್ಚಳಿಯದೆ ಇದೆ. ನಾನು ವೈನಿಯ ಹೆಸರು ಹೇಳಿದೆ, ಅವರು ಬರೆದ ಹಾಗೆಯೇ, ತಂದೆಯ ಹೆಸರು, ಅಡ್ಡಹೆಸರಿನ ಸಮೇತ. ಅವನು ಚೀಟಿಯಲ್ಲಿ ಬರೆದುಕೊಂಡು, ಇವರು ಯಾರು ಎಂದ.

"ನಾ ಸೊನ್ನಿ ತಗೊಂಡಾಗ ನನ್ನ ಪಾಸ್ ಮಾಡಿದವರು," ಎಂದೆ.

ಯಾರೋ ಹಳೆಯ ಮಾಸ್ತರರೆಂದುಕೊಂಡ ಅವನು. ಹೆಸರು ಸರಿಯಾಗಿದೆಯೇ ಎಂದು ತಿಳಿಯಲು ಅದನ್ನು ಗಟ್ಟಿಯಾಗಿ, ಒಂದೊಂದೇ ಅಕ್ಷರ ಬಿಡಿಸಿ ಓದಿದ. ಎದ್ದು ಬಂದು ಇಸಿದುಕೊಳ್ಳಲು ಯಾರೂ ಇರಲಿಲ್ಲ. ಸರಿಯಾಗಿದೆ ಎಂದು ನಾನೇ ತಲೆಯಾಡಿಸಿದೆ.