ಬಿಗಿಯಾಗಿ ತುಂಬಿದ ಹತ್ತಿ

ಆ ದೋಣಿಯಲ್ಲಿ ದೆವ್ವ ಇರಲಿಲ್ಲ. ಅದನ್ನು ಮುಳುಗಿಸಿದವಳು ನಾನು. ಯಾರೂ ಸಾಯಲಿಲ್ಲ. ಆದರೆ ನನ್ನ ಗಂಡನ ಕೈ ಅವತ್ತೇ ಸತ್ತುಹೋಯಿತು. ತಪ್ಪು ತನ್ನದು ಎಂದು ಅವರು ಮೂವತ್ತು ವರ್ಷಕ್ಕೂ ಮೇಲೆ ನಂಬಿ ಕೂತರು. ನಾನು ನಂಬಲು ಬಿಟ್ಟೆ.

ಮಿಶ್ರಿಕೋಟಿಯಲ್ಲಿ ಕೂತು ದೋಣಿಯ ಮಾತು ಆಡಿದರೆ ಜನ ನಗುತ್ತಾರೆ. ನಮ್ಮಲ್ಲಿ ನೀರು ಅಂದರೆ ಕೆರೆ, ಬೋರು, ಇಲ್ಲವೆ ಗದ್ದೆಯಲ್ಲಿ ನಿಂತದ್ದು. ನಮ್ಮವರು, ಅಂದರೆ ನನ್ನ ಗಂಡ, ಬಡಿಗತನದವರು. ಬಂಡಿಗೆ ಗಾಲಿ, ಮನೆಗೆ ಬಾಗಿಲು, ಕೂಸಿಗೆ ತೊಟ್ಟಿಲು ಮಾಡುತ್ತಿದ್ದರು. ಟೈರಿನ ಗಾಡಿ ಬಂದ ಮೇಲೆ ಮರದ ಗಾಲಿ ಕೇಳುವವರು ಕಡಿಮೆಯಾದರು. ಗೋವಾದಲ್ಲಿ ಹೊಳೆ ದಂಡೆಯ ಮೇಲೆ ಹಳೆಯ ದೋಣಿಗಳನ್ನು ರಿಪೇರಿ ಮಾಡುತ್ತಾರೆ, ಡೊಂಕು ಮರ ಕಡೆಯಲು ಬರುವವರು ಬೇಕಂತೆ ಎಂದು ಕಲಘಟಗಿಯ ಕಟ್ಟಿಗೆ ಅಡ್ಡೆಯವನೊಬ್ಬ ಹೇಳಿದ. ಗಾಲಿ ಮಾಡುವವನಿಗಿಂತ ಡೊಂಕು ಮರ ಬಲ್ಲವರು ಯಾರು? ಹೋದರು. ಮಗಳು ಇನ್ನೂ ಹುಟ್ಟಿರಲಿಲ್ಲ, ನಾನೂ ಹಿಂದೆ ಹೋದೆ.

ಅಲ್ಲಿ ನಾನು ದೋಣಿ ನೋಡುವುದನ್ನು ಕಲಿತೆ. ಯಾರೂ ಕೂರಿಸಿ ಕಲಿಸಲಿಲ್ಲ. ಅನ್ನ ಬೇಯುವ ತನಕ ನೋಡುವುದಕ್ಕೆ ಬೇರೆ ಏನೂ ಇರಲಿಲ್ಲ.

ಹಾಯಿ ಕಟ್ಟಿ ಓಡಿಸುವ ಹಳೆಯ ಮರದ ದೋಣಿ, ಶ್ರೀಮಂತರು ಹೌಸಿಗೆ, ಶೋಕಿಗೆ ಇಟ್ಟುಕೊಳ್ಳುವಂಥದ್ದು, ಅದನ್ನು ದೂರದಿಂದಲೇ ಗುರುತು ಹಿಡಿಯಬಹುದು. ಅದರ ಮೇಲಂಚು ನೆಟ್ಟಗಿರುವುದಿಲ್ಲ. ಎರಡು ಗೂಟಕ್ಕೆ ಕಟ್ಟಿದ ಹಗ್ಗ ತನ್ನ ಭಾರಕ್ಕೆ ತಾನೇ ಇಳಿದ ಹಾಗೆ ನಡುವೆ ಇಳಿದು ಎರಡೂ ತುದಿಗೆ ಏರಿರುತ್ತದೆ. ಮೂತಿಯೂ ಬಾಲವೂ ನೀರನ್ನು ಮುಟ್ಟದೆ ಉದ್ದಕ್ಕೆ ಚಾಚಿರುತ್ತವೆ. ಹತ್ತಿರ ಹೋದರೆ ಹಲಗೆ ನೋಡಬೇಕು. ಒಳ್ಳೆಯ ದೋಣಿಯ ಒಂದೊಂದು ಹಲಗೆಯೂ ನಡುವೆ ಅಗಲ, ತುದಿಗೆ ಸಣ್ಣ, ಬಾಳೆಹಣ್ಣಿನ ಸಿಪ್ಪೆ ಸುಲಿದ ಹಾಗೆ. ಎಲ್ಲ ಹಲಗೆ ಒಂದೇ ಅಗಲ ಇದ್ದರೆ ಮಾಡಿದವನು ಪೆಟ್ಟಿಗೆ ಮಾಡುವವನು. ಈಗ ಫೈಬರಿನಲ್ಲಿ ಎರಕ ಹೊಯ್ದು ಮೇಲೆ ಹಲಗೆಯ ಗೆರೆ ಎಳೆಯುತ್ತಾರೆ. ಬೆರಳಿನ ಗಣ್ಣಿನಿಂದ ಬಡಿದರೆ ಗೊತ್ತಾಗುತ್ತದೆ. ಗಟ್ಟಿ ಮರ ಮಾತಾಡುತ್ತದೆ, ಒಳಗೆ ಕೊಳೆತು ಲಡ್ಡಾದ ಮರ ಒದ್ದೆ ಗೋಣಿಚೀಲದ ಹಾಗೆ ಸುಮ್ಮನಿರುತ್ತದೆ. ನಮ್ಮವರ ಪರೀಕ್ಷೆ ಬೇರೆ. ಅರ್ಧ ಕಣ್ಣು ಮುಚ್ಚಿ ದೋಣಿಯ ಬಾಜು ಉದ್ದಕ್ಕೆ ನಡೆಯುತ್ತಿದ್ದರು. ಕಣ್ಣು ಎಲ್ಲಿಯೂ ಎಡವಬಾರದು, ಅಷ್ಟೇ.

ನಾನು ಮುಳುಗಿಸಿದ ಆ ದೋಣಿಯ ಮೇಲೆ ಕಣ್ಣು ಎಡವುತ್ತಿರಲಿಲ್ಲ. ಎರಡು ಬೇಸಿಗೆ ಒಣ ನೆಲದ ಮೇಲೆ ನಿಂತು ಹಲಗೆಗಳ ಸಂದು ಬಿಟ್ಟಿತ್ತು. ಒಳಗೆ ಹೋಗಿ ಕೂತರೆ ಬಿಸಿಲು ಗೆರೆ ಗೆರೆಯಾಗಿ ಮೈಮೇಲೆ ಬೀಳುತ್ತಿತ್ತು. ಮೊದಲ ಮಾಲೀಕ ಯಾರೋ ಬಿಳಿಯ, ಇದರಲ್ಲೇ ಸತ್ತನಂತೆ. ಆಗಿನ ಮಾಲೀಕರು ವಯಸ್ಸಾದ ಗೋವಾದ ಸಾಹೇಬರು. ದಿನಾ ಬಂದು ಅದರ ಹೊಟ್ಟೆಯ ಮೇಲೆ ಅಂಗೈ ಇಟ್ಟು ನಿಲ್ಲುತ್ತಿದ್ದರು, ಗಬ್ಬದ ಎಮ್ಮೆಯನ್ನು ನೋಡುವ ಹಾಗೆ.

ಎಡಬದಿಗೆ, ನೀರು ಮುಟ್ಟುವ ಗೆರೆಯ ಕೆಳಗೆ, ನಾಲ್ಕನೆಯ ಹಲಗೆ ಕೊಳೆತು ಹೋಗಿತ್ತು. ಅದನ್ನು ಹೊಸದಾಗಿ ಹಾಕುವ ಕೆಲಸ ನಮ್ಮವರಿಗೆ ಬಂತು. ಅಷ್ಟುದ್ದದ ಸಾಗವಾನಿ ಸಿಗಲಿಲ್ಲ, ಎರಡು ತುಂಡು ಜೋಡಿಸಬೇಕಾಯಿತು. ಅಲ್ಲಿಯವರು ಓರೆಯಾಗಿ ಕೊಯ್ದು ಅಂಟಿಸುತ್ತಾರೆ. ನಮ್ಮವರು ಬಂಡಿಯ ಮರಕ್ಕೆ ಮಾಡುವ ಹಾಗೆ ನಡುವೆ ಒಂದು ಮೆಟ್ಟಿಲು ಕಡೆದು ಒಂದರೊಳಗೊಂದು ಕಚ್ಚಿಸಿದರು. ಕಾರವಾರದ ಕಡೆಯ ಮೇಸ್ತ್ರಿ ನೋಡಿ ನಕ್ಕ. ಎತ್ತು ಎಲ್ಲಿ ಕಟ್ಟುತ್ತೀ ಮಾರಾಯ ಎಂದು ಕೇಳಿದ. ನಮ್ಮವರು ಜೋಡಣೆಯ ಸಂದಿಗೆ ಉಗುರು ಹಾಕಿ ನೋಡು ಎಂದರು. ಮೇಸ್ತ್ರಿಯ ಉಗುರು ಹೋಗಲಿಲ್ಲ.

ಹಲಗೆಗಳ ಸಂದಿಗೆ ಹತ್ತಿ ತುಂಬುತ್ತಾರೆ. ಉದ್ದಕ್ಕೆ ಹೊಸೆದ ಎಳೆಯನ್ನು ಚಪ್ಪಟೆ ಉಳಿಯಿಂದ ಒಳಗೆ ಕೂರಿಸಿ, ಕೊಡತಿಯಿಂದ ಬಡಿದು, ಮೇಲೆ ಪುಟ್ಟಿ ಮೆತ್ತಿ ಬಣ್ಣ ಹಚ್ಚುತ್ತಾರೆ. ನನ್ನ ತವರು ನವಲಗುಂದ ಕಡೆ ತಿರ್ಲಾಪುರ, ಹತ್ತಿಯ ಸೀಮೆ. ದೇವರ ಬತ್ತಿ ಹೊಸೆದ ಕೈ. ನಾನು ಹೊಸೆದ ಎಳೆ ನೋಡಿ ಮೇಸ್ತ್ರಿ ಆ ಕೆಲಸವನ್ನು ನನಗೇ ಬಿಟ್ಟ. ನಮ್ಮವರು ಒಂದೇ ಮಾತು ಹೇಳಿದ್ದರು.

“ಸಡ್ಲ ತುಂಬು. ಮರ ನೀರು ಕುಡದು ಉಬ್ಬತೈತಿ, ಅದಕ್ಕ ಜಾಗಾ ಬೇಕು.”

ನಾನು ಕೇಳಲಿಲ್ಲ. ನಮ್ಮ ಕಡೆ ಮದುವೆಗೆ ಗಾದಿ ಕೊಟ್ಟರೆ ಬೀಗರು ಮುಷ್ಟಿ ಕಟ್ಟಿ ಗುದ್ದಿ ನೋಡುತ್ತಾರೆ. ಕೈ ಒಳಗೆ ಹೋದರೆ ಹುಡುಗಿಯ ಮನೆಯವರು ಹತ್ತಿಯಲ್ಲಿ ಕದ್ದರು ಎಂದು ಸಾಯುವ ತನಕ ಆಡಿಕೊಳ್ಳುತ್ತಾರೆ. ಸಡಿಲ ತುಂಬುವುದು ನನಗೆ ಕಳ್ಳತನವಾಗಿ ಕಂಡಿತು. ಬಿಸಿಲು ತೂರುವ ಸಂದಿನಲ್ಲಿ ನೀರು ತೂರುವುದಿಲ್ಲವೇ ಎಂದುಕೊಂಡೆ. ಇನ್ನೊಂದು ಎಳೆ ಇಟ್ಟೆ, ಅದರ ಮೇಲೆ ಮತ್ತೊಂದು, ಕೊಡತಿ ಎತ್ತೆತ್ತಿ ಬಡಿದೆ. ಬೇಸಿಗೆಯಲ್ಲಿ ಗಾಲಿ ಸಡಿಲಾದರೆ ಕೆರೆಗೆ ಇಳಿಸಿ ಬಿಗಿ ಮಾಡುವ ಊರಿನ ಸೊಸೆ ನಾನು. ಒಣಗಿದ ಮರ ನೀರಿನಲ್ಲಿ ಏನು ಮಾಡುತ್ತದೆಂದು ಕಣ್ಣಾರೆ ಕಂಡವಳು. ಬುದ್ಧಿಗೆ ಹೊಳೆಯಲಿಲ್ಲ.

ದೋಣಿ ನೀರಿಗಿಳಿಯಿತು. ತೆಂಗಿನಕಾಯಿ ಒಡೆದರು. ಮೊದಲ ದಿನ ಸ್ವಲ್ಪ ಸೋರಿತು, ಎರಡನೆಯ ದಿನ ನಿಂತಿತು. ಎಲ್ಲರೂ ಖುಷಿಯಾದರು. ಆಮೇಲೆ ಅದು ನರಳಲು ಶುರುಮಾಡಿತು.

ಆ ಸದ್ದನ್ನು ಹೇಗೆ ಹೇಳಲಿ? ಹೆರಿಗೆಗೆ ಬಂದವಳು ಹಲ್ಲು ಕಚ್ಚಿ ನೋವು ತಿನ್ನುವ ಸದ್ದು. ನಟ್ಟ ನಡು ಹಗಲು, ಗಾಳಿ ಇಲ್ಲ, ಅಲೆ ಇಲ್ಲ, ದೋಣಿಯಲ್ಲಿ ಒಂದು ಪಿಳ್ಳೆಯೂ ಇಲ್ಲ, ಒಳಗಿನಿಂದ ಯಾರೋ ಮೈ ಮುರಿದ ಹಾಗೆ. ಸತ್ತ ಬಿಳಿಯನಿಗೆ ದೋಣಿ ಬಿಡಲು ಮನಸ್ಸಿಲ್ಲ ಎಂದ ಮೇಸ್ತ್ರಿ. ನಿಂಬೆಹಣ್ಣು ಕಟ್ಟಿದ. ಸಾಹೇಬರು ಮೇಣದಬತ್ತಿ ಹಚ್ಚಿದರು. ನಾನು ಪಾತ್ರೆ ತೊಳೆಯಲು ದಂಡೆಗೆ ಹೋದಾಗ ನೀರಿನ ಗೆರೆಯ ಹತ್ತಿರ ಪುಟ್ಟಿ ಹಿಂಡಿಕೊಂಡು ಹೊರಬಂದದ್ದು ಕಂಡಿತು. ಅದರ ಹಿಂದೆ ಹತ್ತಿ ಹೊರಗೆ ಇಣುಕುತ್ತಿತ್ತು.

ಆಗಲೇ ಗೊತ್ತಾಯಿತು. ದೋಣಿಯನ್ನು ಮೇಲೆಳೆದು ಹತ್ತಿ ಕಿತ್ತಿದ್ದರೆ ಉಳಿಯುತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಮಾತು ಕೇಳದವಳು ಎಂದು ಎಲ್ಲರ ಮುಂದೆ ಬೈಸಿಕೊಳ್ಳಲು ಹೆದರಿದೆ. ದೆವ್ವ ಎಂದರು, ನಾನೂ ಕೈ ಮುಗಿದೆ.

ನರಳಲು ಶುರುವಾದ ಮೂರನೆಯ ದಿನ ಮಧ್ಯಾಹ್ನ ಗುಂಡು ಹೊಡೆದ ಹಾಗೆ ಸದ್ದಾಯಿತು. ಒಂದು, ಎರಡು, ಆಮೇಲೆ ಸಾಲಾಗಿ. ಉಬ್ಬಿದ ಹಲಗೆಗಳಿಗೆ ಜಾಗ ಸಿಗದೆ ಅವನ್ನು ಒಳಗಿನಿಂದ ಹಿಡಿದಿಟ್ಟ ಹಳೆಯ ಡೊಂಕು ಮರಗಳು, ದೋಣಿಯ ಪಕ್ಕೆಲುಬುಗಳು, ಮುರಿಯುತ್ತಿದ್ದವು. ಒಂದು ತಾಸಿನೊಳಗೆ ಹಾಯಿಕಂಬ ಮಾತ್ರ ನೀರಿನ ಮೇಲೆ ಉಳಿಯಿತು. ಸಾಹೇಬರು ಚಪ್ಪಲಿ ಕೈಯಲ್ಲಿ ಹಿಡಿದು ದಂಡೆಯ ಮೇಲೆ ನಿಂತಿದ್ದರು, ಯಾಕೆ ಬಿಚ್ಚಿಕೊಂಡರೋ ಗೊತ್ತಿಲ್ಲ.

ನೀರು ಇಳಿದಾಗ ನಮ್ಮವರು ಎದೆಮಟ್ಟ ಹೋಗಿ ಕೈಯಿಂದ ತಡವಿ ನೋಡಿದರು. ತಾವು ಹಾಕಿದ ಹಲಗೆಯ ತುದಿ ಪಕ್ಕೆಲುಬು ಬಿಟ್ಟು ಹೊರಗೆ ಬಂದಿತ್ತು. ಅಷ್ಟೇ ನೋಡಿದರು. ಬೇರೆ ಹಲಗೆ ತಡವಲಿಲ್ಲ. ಮೇಲೆ ಬಂದು, “ನನ್ನ ಹಲಿಗಿ ಬಿಡ್ತು,” ಎಂದರು. ಅಲ್ಲಿ ಎಲ್ಲರೂ ದೆವ್ವ ಎಂದರು, ಅವರೊಬ್ಬರು ಒಪ್ಪಲಿಲ್ಲ.

ಊರಿಗೆ ಬಂದ ಮೇಲೆ ಅವರು ಎರಡು ಮರ ಜೋಡಿಸುವ ಕೆಲಸ ಮಾಡಲಿಲ್ಲ. ಪರರ ಹೊಲದಲ್ಲಿ ದುಡಿದರು. ಜನ ತೊಟ್ಟಿಲಿಗೆ ಬಂದರೆ ವಾಪಸು ಕಳಿಸಿದರು. ಮಗಳ ಚೊಚ್ಚಲ ಹೆರಿಗೆಗೆ ತೊಟ್ಟಿಲು ತವರಿನವರೇ ಕೊಡಬೇಕು, ಅದನ್ನೂ ಕೊಂಡೇ ತಂದೆವು. ಬಡಿಗನ ಮಗಳಿಗೆ ಕೊಂಡ ತೊಟ್ಟಿಲೇ ಎಂದು ಓಣಿಯವರು ನಕ್ಕರು. ಮಾಡಿಕೊಡಿ ಎಂದು ನಾನು ಮೊದಲೇ ಕೇಳಿದ್ದೆ, ಬೇಡಿಕೊಂಡಿದ್ದೆ ಅಂದರೂ ಆದೀತು.

“ನನ್ನ ಕೈಯಾಗಿನ ಜೋಡಣಿ ಬಿಡ್ತೈತಿ,” ಎಂದರು. “ಅದರಾಗ ಕೂಸನ್ನ ಮಲಗಸೂದು ಬ್ಯಾಡ.”

ಆಗಲೂ ಹೇಳಬಹುದಿತ್ತು. ಹೇಳಲಿಲ್ಲ. ಮೊದಲು ಹೆದರಿಕೆ, ಆಮೇಲೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆಗೆ ಹೆದರಿಕೆ.

ಮಳೆಗಾಲದಲ್ಲಿ ನಮ್ಮ ಮನೆಯ ಬಾಗಿಲು ಉಬ್ಬುತ್ತದೆ. ಚೌಕಟ್ಟಿಗೆ ಒತ್ತಿ ನರಳುತ್ತದೆ. ಅದೇ ಸದ್ದು. ಅವರು ತಲೆ ಎತ್ತುತ್ತಾರೆ, ನನ್ನ ಕಡೆ ನೋಡುವುದಿಲ್ಲ. ನಾನು ಕಸಬರಿಗೆ ಹಿಡಿದು ಹೊರಗೆ ಹೋಗುತ್ತೇನೆ. ಅಂಗಳದಲ್ಲಿ ನಿಂತ ಮಳೆನೀರಿನಲ್ಲಿ ಆ ಹಾಯಿಕಂಬ ಕಾಣುತ್ತದೆ. ದೆವ್ವ ನಂಬುವವಳಲ್ಲ ನಾನು. ಆದರೂ ಕಾಣುತ್ತದೆ.

ಈ ಮಳೆಗಾಲದಲ್ಲಿ ಅಳಿಯ ಬಂದ. ಅವನು ಟೆಂಪೋದಲ್ಲಿ ಗೋವಾಕ್ಕೆ ಕಾಯಿಪಲ್ಲೆ ಒಯ್ಯುತ್ತಾನೆ. ಅಲ್ಲಿ ಒಂದು ಶೆಡ್ಡಿನಲ್ಲಿ ಹಳೆಯ ದೋಣಿ ರಿಪೇರಿ ನಡೆದಿದೆ, ಹಿಂದೆ ಎಂದೋ ಹೊಳೆಯಲ್ಲಿ ಮುಳುಗಿದ್ದಂತೆ, ಮಾವನವರು ಅಂಥ ಕೆಲಸ ಮಾಡಿದವರು ಅಂತ ಫೋಟೋ ಹೊಡೆದುಕೊಂಡು ಬಂದೆ ಎಂದ. ಫೋನು ಮುಂದೆ ಹಿಡಿದ. ನಮ್ಮವರು ಗೋಡೆ ನೋಡುತ್ತಲೇ ಕೇಳಿದರು.

“ಎಡಕ, ನೀರಿನ ಗೆರೀ ಕೆಳಗ ನಾಕನೇ ಹಲಿಗಿ. ಹೊಸಾದು ಹಾಕ್ಯಾರೇನು?”

“ಎಲ್ಲಾ ಒಂದs ನಮೂನಿ ಕಾಣ್ತಾವ್ರಿ ಮಾವಾರ,” ಎಂದ ಅಳಿಯ. “ಅತ್ತೀ, ನೀವರ ನೋಡ್ರಿ.”

ಅವರ ಕಣ್ಣಿಗೆ ಪೊರೆ ಬಂದಿದೆ. ನೋಡಬೇಕಾದವಳು ನಾನೇ. ಬಣ್ಣ ಕೆರೆದು ಬೋಳು ಮಾಡಿದ್ದರು. ಜೋಲುಬಿದ್ದ ಹಗ್ಗದಂಥ ಅಂಚು ಹಾಗೇ ಇತ್ತು. ಒಳಗೆ ಪಕ್ಕೆಲುಬುಗಳು ಎಲ್ಲ ಹೊಸವು. ನಾಲ್ಕನೆಯ ಹಲಗೆ ಹಳೆಯದೇ. ಅದರ ನಡುವೆ ಬಂಡಿಯ ಮರದ ಮೆಟ್ಟಿಲು ಜೋಡಣೆ, ಇಷ್ಟು ವರ್ಷ ಕೆಸರಿನಲ್ಲಿ ಬಿದ್ದು ಎದ್ದರೂ ಕೂದಲೆಳೆಯಷ್ಟು ಬಾಯಿ ಬಿಟ್ಟಿರಲಿಲ್ಲ. ತಿಳಿದವರು ಯಾರೋ ಅದನ್ನು ತೆಗೆಯದೆ ಉಳಿಸಿಕೊಂಡಿದ್ದರು.

“ಕಾಣವಲ್ದು,” ಎಂದೆ ನಾನು.

ಹೌದು, ಸುಳ್ಳು ಹೇಳಿದೆ. ನಿಮ್ಮ ಹಲಗೆ ಬಿಟ್ಟಿಲ್ಲ ಎಂದರೆ, ಹಾಗಾದರೆ ಬಿಟ್ಟದ್ದು ಏನು ಎಂದು ಕೇಳುತ್ತಾರೆ. ಅವರು “ಹೂಂ” ಎಂದರು. ಆ ಒಂದು ಹೂಂ ನನಗೆ ತಡೆಯಲಾಗಲಿಲ್ಲ.

ಅಳಿಯ ಅಂದೇ ತನ್ನೂರಿಗೆ ಹೋದ. ಮರುದಿನ ಬೆಳಿಗ್ಗೆ ನಮ್ಮವರಿಗೆ ಚಹಾ ಕೊಟ್ಟು ಎದುರಿಗೆ ಕೂತೆ.

“ಕೇಳ್ರಿ,” ಎಂದೆ. “ನಿಮ್ಮ ಹಲಿಗಿ ಇನ್ನೂ ಐತಿ. ಜೋಡಣೀನೂ ಬಿಟ್ಟಿಲ್ಲ, ನಿನ್ನೆ ಸುಳ್ಳು ಹೇಳಿದೆ. ಹತ್ತಿ ನಾ ಬಿಗಿ ತುಂಬಿದ್ದೆ. ನೀವು ಬ್ಯಾಡ ಅಂದ್ರೂ ತುಂಬಿದೆ. ಹೊರಗ ಬಂದದ್ದನ್ನ ನೋಡಿದ್ದೆ, ಹೇಳಲಿಲ್ಲ.”

ಅವರು ಚಹಾ ಪೂರ್ತಿ ಕುಡಿದರು. ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಲೋಟ ಕೆಳಗಿಟ್ಟು, “ಈಗ ಅವರು ಹತ್ತಿ ತುಂಬ್ಯಾರೇನು?” ಎಂದರು.

ಫೋಟೋದಲ್ಲಿ ಸಂದುಗಳು ಖಾಲಿ ಇದ್ದವು ಎಂದೆ.

“ಅಳಿಯಗ ಫೋನ್ ಹಚ್ಚು.”

ಹಚ್ಚಿ ಕೈಗೆ ಕೊಟ್ಟೆ. ಅವರು ಕಿವುಡರ ಹಾಗೆ ಜೋರಾಗಿ ಮಾತಾಡುತ್ತಾರೆ, ಬಾಜು ಮನೆಗೂ ಕೇಳುತ್ತದೆ.

“ಹಾಂ, ನಾನs. ಇವತ್ತs ಆ ಶೆಡ್ಡಿಗೆ ಹೋಗು. ಮರ ಅಗದಿ ಒಣಗೇತಿ, ಹತ್ತಿ ಸಡ್ಲ ಇರ್ಲಿ ಅಂತ ಹೇಳು. ಹಿಂದ ನಿಮ್ಮತ್ತಿ ಬಿಗಿ ತುಂಬಿ ಮುಳುಗಿಸ್ಯಾಳ. ಹೌದಪಾ, ನಿಮ್ಮತ್ತೀನs. ದೆವ್ವ ಗಿವ್ವ ಏನಿಲ್ಲ.”

ಆ ಕಡೆ ಮಗಳು ಏನೆಂದು ಕೇಳುತ್ತಿದ್ದಳು. ಅವರು ಅವಳಿಗೂ ಮೊದಲಿನಿಂದ ಹೇಳಿದರು. ನಾನು ಎದ್ದು ಹೊರಗೆ ಹೋಗಲಿಲ್ಲ. ಹೇಳಿ ಮುಗಿಸುವ ತನಕ ಅಲ್ಲೇ ಕೂತು ಕೇಳಿದೆ.