ಹಿಮದಡಿ ಹೂತ ಪಟ್ಟೆಗಳು

ನಾನು ಹಿಮವನ್ನು ಇವತ್ತಿಗೂ ಕಣ್ಣಾರೆ ಕಂಡಿಲ್ಲ. ಆದರೂ ಪಾಯಾ ಲೆಬಾರ್ ಬಡಾವಣೆಯ ಆಫೀಸಿನಲ್ಲಿ ಎರಡು ವರ್ಷ ನನಗಿದ್ದದ್ದು ಹಿಮದ್ದೇ ಕೆಲಸ. ರಸ್ತೆ ದೀಪಗಳನ್ನು ವಿನ್ಯಾಸ ಮಾಡುವ ಸಣ್ಣ ಕಂಪನಿ ನಮ್ಮದು. ಉತ್ತರದ ಒಂದು ಚಳಿದೇಶದ ಊರಿನವರು ನಮ್ಮನ್ನು ಕೇಳಿಕೊಂಡಿದ್ದರು: ಚಳಿಗಾಲದಲ್ಲಿ ಜೀಬ್ರಾ ಕ್ರಾಸಿಂಗ್ ಮುಚ್ಚಿಹೋಗುತ್ತದೆ, ಡ್ರೈವರುಗಳಿಗೆ ಅದು ಎಲ್ಲಿದೆಯೆಂದೇ ತಿಳಿಯುವುದಿಲ್ಲ, ಏನಾದರೂ ಮಾಡಿಕೊಡಿ.

ಮೊದಲು ನಾನು ರಸ್ತೆಯಲ್ಲೇ ಪುಟ್ಟ ದೀಪಗಳನ್ನು ಹುದುಗಿಸುವ ನಕ್ಷೆ ಕಳಿಸಿದೆ. ಆ ಊರಿನ ಎಂಜಿನಿಯರ್ ವಿಡಿಯೋ ಕಾಲ್‌ನಲ್ಲಿ ಅದನ್ನು ತಾಳ್ಮೆಯಿಂದ ನೋಡಿದರು. ದೀಪಗಳೂ ಹಿಮದಡಿಯೇ ಹೋಗುತ್ತವೆ, ಹಿಮ ಗೋರುವ ಲಾರಿಯ ಅಲಗು ತಾಗಿದರೆ ಕಿತ್ತೂ ಬರುತ್ತವೆ ಎಂದರು. ವರ್ಷವಿಡೀ ಸೆಕೆಯಲ್ಲೇ ಇರುವ ನನಗೆ ಅದು ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು.

ಹಾಗಾದರೆ ಕಂಬದ ಮೇಲಿನಿಂದ ಬೆಳಕಿನ ಪಟ್ಟೆಗಳನ್ನು ಹಿಮದ ಮೇಲೆ ಬೀಳಿಸೋಣ ಎಂದುಕೊಂಡೆ. ಒಂದು ಸಂಜೆ ಹೌಗಾಂಗ್‌ನ ನಮ್ಮ ವಸತಿ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಎನ್ನುವ ಗೋಡೆಯಿಲ್ಲದ ನೆಲಮಹಡಿಯ ಮಬ್ಬು ಮೂಲೆಯಲ್ಲಿ, ಮನೆಯ ಬಿಳಿ ಬೆಡ್‌ಶೀಟುಗಳನ್ನೆಲ್ಲ ಹಾಸಿದೆ. ನನ್ನ ಗಂಡ ಏಣಿ ಹತ್ತಿ ದೀಪ ಹಿಡಿದರು. ಬಟ್ಟೆಯ ಮೇಲೆ ಪಟ್ಟೆಗಳು ಅಚ್ಚುಕಟ್ಟಾಗಿ ಮೂಡಿದವು.

ಅಷ್ಟರಲ್ಲಿ ನಾಲ್ಕನೇ ಮಹಡಿಯ ಬೆಂಗಳೂರಿನ ಆಂಟಿ ತರಕಾರಿ ಚೀಲ ಹಿಡಿದು ಬಂದರು. ಒಮ್ಮೆ ದಾಟಿ ತೋರಿಸಿ ಎಂದು ಕೇಳಿಕೊಂಡು ನಾನು ಡ್ರೈವರಿನಂತೆ ದೂರ ಹೋಗಿ ನಿಂತೆ. ಚಪ್ಪಲಿ ಬಿಟ್ಟು ನಡೆದ ಅವರು ನಡುವೆ ನಿಂತರು.

“ಪಟ್ಟೆ ಏನೋ ಚೆನ್ನಾಗಿದೆ. ನಾನು ಕಾಣ್ತಿದೀನಾ ನಿಂಗೆ?”

ಅವರು ಕಡುನೀಲಿ ಚೂಡಿದಾರ್ ಹಾಕಿದ್ದರು. “ಕಾಲು ಮಾತ್ರ ಕಾಣತ್ತೆ ಆಂಟಿ,” ಎಂದೆ.

“ಡ್ರೈವರ್ ನೋಡ್ಬೇಕಾಗಿರೋದು ಪಟ್ಟೇನಾ, ನನ್ನನ್ನಾ?”

ಗಂಡನಿಗೆ ಏಣಿಯನ್ನು ನನ್ನ ಕಡೆಗೆ ಸರಿಸಿ ದೀಪವನ್ನು ಓರೆಯಾಗಿ ಹಿಡಿಯಲು ಹೇಳಿದೆ. ಆಂಟಿ ಮುಖದಿಂದ ಪಾದದವರೆಗೆ, ಕೈಯಲ್ಲಿದ್ದ ಚೀಲದ ಸಮೇತ ಕಂಡರು.

ನಕ್ಷೆ ಬದಲಾಯಿತು. ದಾಟಲು ಯಾರಾದರೂ ಬಂದು ನಿಂತರೆ, ಡ್ರೈವರ್ ಬರುವ ದಿಕ್ಕಿನಿಂದ ಅವರ ಮೇಲೇ ಬೆಳಕು ಬೀಳಬೇಕು. ಎತ್ತರದಲ್ಲೊಂದು ಹೊಳೆಯುವ ಫಲಕವಿರಬೇಕು. ಪಟ್ಟೆಗಳನ್ನೂ ಬಿಡಲು ಮನಸ್ಸಾಗದೆ ಉಳಿಸಿಕೊಂಡೆ. ಊರಿನವರು ಶಾಲೆಯ ಬಳಿ ಒಂದೇ ಒಂದು ಕ್ರಾಸಿಂಗ್‌ಗೆ ಒಪ್ಪಿದರು.

ಆ ಚಳಿಗಾಲ ಅಲ್ಲಿಂದ ವಿಡಿಯೋ ಬಂತು. ರಸ್ತೆ, ಫುಟ್‌ಪಾತ್ ಎಲ್ಲ ಒಂದೇ ಬಿಳುಪು. ಬೀಳುತ್ತಿದ್ದ ಹಿಮದಲ್ಲಿ ನನ್ನ ಪಟ್ಟೆಗಳು ಕಲಸಿಹೋಗಿದ್ದವು. ಆದರೆ ಕಪ್ಪು ಕೋಟಿನ ಹೆಂಗಸೊಬ್ಬರು ಅಂಚಿಗೆ ಬಂದದ್ದೇ ಬೆಳಗಿದರು. ಕಾರು ಸಾಕಷ್ಟು ದೂರದಲ್ಲೇ ನಿಂತಿತು. ಅವರು ಆತುರವಿಲ್ಲದೆ ದಾಟಿದರು. ಆ ಕೆಲವು ಸೆಕೆಂಡುಗಳನ್ನು ಮತ್ತೆ ಮತ್ತೆ ನೋಡಿದೆ. ಮುಂದಿನ ನಕ್ಷೆಯಲ್ಲಿ ಪಟ್ಟೆಗಳನ್ನು ನಾನೇ ತೆಗೆದುಹಾಕಿದೆ.